ಹಾಜರಿ ಪುಸ್ತಕದಾಗ ಹೆಸರೈತಿ, ಹುಡುಗ ಎಲ್ಲಿ?

ನಮ್ಮ ಭಾಗದ ಸರ್ಕಾರಿ ಪ್ರಾಥಮಿಕ ಶಾಲೆಗಳ ಸುದ್ದಿ ಪತ್ರಿಕೆಗೆ ಬರುವುದು ವರ್ಷಕ್ಕೆ ನಾಲ್ಕೈದು ಸಲ. ಶಾಲೆ ಶುರುವಾದಾಗ ಪ್ರಾರಂಭೋತ್ಸವ, ಬಾಗಿಲಿಗೆ ತೋರಣ, ಮಕ್ಕಳ ಕೈಗೆ ಹೂವು. ಆಗಸ್ಟ್ 15ರ ಪ್ರಭಾತ ಫೇರಿ. ಪ್ರತಿಭಾ ಕಾರಂಜಿ. ಯಾರೋ ದಾನಿಗಳು ಬೆಂಚು ಕೊಟ್ಟ ಫೋಟೊ. ಗ್ಯಾದರಿಂಗ್. ಮಾಸ್ತರರಿಗೆ ಶಾಲು ಹೊದಿಸಿ ಬೀಳ್ಕೊಟ್ಟ ಸಮಾರಂಭ. ಕೆಟ್ಟ ಸುದ್ದಿಯಾದರೆ ಸೋರುವ ಕೋಣೆ, ಕುಸಿದ ಕಂಪೌಂಡು.

ಇವೆಲ್ಲ ಸುದ್ದಿಯೇ, ಬೇಡ ಅನ್ನುವುದಿಲ್ಲ. ಆದರೆ ಝಳಕಿ, ಹೊರ್ತಿ, ಚಡಚಣ, ಇಂಡಿ ಸುತ್ತಲಿನ ಊರು, ತಾಂಡಾ, ತೋಟದ ವಸ್ತಿಗಳಲ್ಲಿ ಶಾಲೆಯ ಎಲ್ಲಕ್ಕಿಂತ ದೊಡ್ಡ ಸುದ್ದಿಯನ್ನು ಯಾರೂ ಬರೆಯುವುದಿಲ್ಲ. ಅದು ದಸರಾ ರಜೆ ಮುಗಿದು ಶಾಲೆ ಮತ್ತೆ ತೆರೆದ ದಿನದ ಸುದ್ದಿ. ಅವತ್ತು ಎಷ್ಟು ಮಕ್ಕಳು ಬಂದರು? ಎಷ್ಟು ಮಂದಿ ಬರಲಿಲ್ಲ? ಬರದವರು ಈಗ ಎಲ್ಲಿದ್ದಾರೆ?

ಉತ್ತರ ಊರಿಗೆಲ್ಲ ಗೊತ್ತು. "ಅವ್ವ ಅಪ್ಪನ ಜೋಡಿ ದುಡಿಯಾಕ ಹೋಗ್ಯಾರ್ರೀ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಗುಳೆ ನಮಗೆ ಎಷ್ಟು ರೂಢಿಯಾಗಿದೆ ಎಂದರೆ, ಏಳೆಂಟು ವರ್ಷದ ಮಗು ನಾಲ್ಕೈದು ತಿಂಗಳು ಶಾಲೆ ಬಿಟ್ಟರೂ ಅದು ಯಾರಿಗೂ ಘಟನೆ ಅನ್ನಿಸುವುದಿಲ್ಲ. ಅದು ಘಟನೆಯೇ, ಅದನ್ನು ತಡೆಯುವ ಕೆಲಸ ದಸರೆಗೆ ಮುಂಚೆಯೇ ಆಗಬೇಕು ಎನ್ನುವುದು ಈ ಲೇಖನದ ವಾದ.

ಎರಡನೇ ಅವಧಿಯ ಲೆಕ್ಕ

ನಮ್ಮ ಶಾಲಾ ವರ್ಷದಲ್ಲಿ ಎರಡು ಅವಧಿ. ಮೊದಲನೆಯದು ಮೇ ಕೊನೆಯಿಂದ ದಸರಾ ರಜೆಯವರೆಗೆ. ಎರಡನೆಯದು ಅಕ್ಟೋಬರ್‌ನಿಂದ ಏಪ್ರಿಲ್ ಎರಡನೇ ವಾರದವರೆಗೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ನೋಡಿ. ಅಕ್ಟೋಬರ್ ಕೊನೆ, ನವೆಂಬರ್‌ಗೆ ನುರಿಸಲು ಶುರು, ಮಾರ್ಚ್ ಸುಮಾರಿಗೆ ಮುಕ್ತಾಯ. ಅಂದರೆ ಕಬ್ಬು ಕಡಿಯುವ ಹಂಗಾಮು ಶಾಲೆಯ ಎರಡನೇ ಅವಧಿಯನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ. ಕಬ್ಬಿನ ಗ್ಯಾಂಗಿನ ಜೋಡಿ ಹೋದ ಮಗು ಯುಗಾದಿ ಹೊತ್ತಿಗೆ ಊರಿಗೆ ಬಂದರೆ ಶಾಲೆಯಲ್ಲಿ ಪರೀಕ್ಷೆ ನಡೆದಿರುತ್ತದೆ, ಇಲ್ಲವೇ ಮುಗಿದಿರುತ್ತದೆ.

ಒಂದು ವರ್ಷ ಹೀಗಾದರೆ ಹೇಗೋ ಸರಿಮಾಡಬಹುದು. ವರ್ಷವರ್ಷವೂ ಹೋಗುವ ಮನೆಯ ಮಗುವಿನ ಲೆಕ್ಕ ಹಾಕಿ. ಒಂದರಿಂದ ಐದನೇ ತರಗತಿವರೆಗೆ ಐದು ವರ್ಷ. ಪ್ರತಿ ವರ್ಷ ಎರಡನೇ ಅವಧಿ ಹೋಯಿತು ಎಂದರೆ ಐದು ವರ್ಷದಲ್ಲಿ ಎರಡೂವರೆ ವರ್ಷದ ಶಾಲೆ ಹೋಯಿತು. ಕೈಯಲ್ಲಿ ಐದನೇ ತರಗತಿ ಪಾಸಾದ ಕಾಗದ ಇರುತ್ತದೆ, ಕೂತು ಕಲಿತದ್ದು ಅರ್ಧ. ಆಮೇಲೆ ಆ ಮಗು ಆರನೇ ತರಗತಿಯಲ್ಲಿ ತಡವರಿಸಿ ಓದಿದರೆ, "ಸರ್ಕಾರಿ ಸಾಲ್ಯಾಗ ಏನ ಕಲಸ್ತಾರ್ರೀ" ಎಂದು ಮಾಸ್ತರರನ್ನು ಬೈಯುತ್ತೇವೆ. ಮಾಸ್ತರರು ಪಾಲಕರನ್ನು ಬೈಯುತ್ತಾರೆ. ಮಗು ಇಬ್ಬರ ಬೈಗುಳವನ್ನೂ ಕೇಳಿಸಿಕೊಂಡು ಒಂದು ದಿನ ಬರುವುದನ್ನೇ ಬಿಡುತ್ತದೆ.

ಹೆಣ್ಣು ಮಕ್ಕಳ ಪಾಡು ಇನ್ನೂ ಬೇರೆ. ಎಂಟು ಹತ್ತು ವರ್ಷದ ಹುಡುಗಿಯನ್ನು ಕಬ್ಬು ಕಡಿಯಲು ಕರೆದೊಯ್ಯುವುದಿಲ್ಲ. ಕೂಸು ಹಿಡಿಯಲು, ನೀರು ತರಲು, ಒಲೆ ಹಚ್ಚಿ ರೊಟ್ಟಿಗೆ ಅಣಿಮಾಡಲು ಒಯ್ಯುತ್ತಾರೆ. ಅದಕ್ಕೆ ಪಗಾರವಿಲ್ಲ, ಹೀಗಾಗಿ ಅದನ್ನು ಯಾರೂ ಕೆಲಸ ಎಂದು ಕರೆಯುವುದೂ ಇಲ್ಲ. ಆದರೆ ಆ ಹುಡುಗಿ ಶಾಲೆಯಲ್ಲಿ ಇಲ್ಲದಿರಲು ಅದೇ ಕಾರಣ.

ಅಕ್ಕಿ ಅಳತೆ ಸುಳ್ಳು ಹೇಳುವುದಿಲ್ಲ

ಶಾಲೆಯಲ್ಲಿ ಇವತ್ತು ಎಷ್ಟು ಮಕ್ಕಳಿದ್ದಾರೆ ಎಂದು ಖರೆ ಗೊತ್ತಿರುವುದು ಬಿಸಿಯೂಟದ ಅಡುಗೆಯವರಿಗೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟನೇ ತರಗತಿಯ ಮಗುವಿಗೆ 150 ಗ್ರಾಂ ಎಂದು ಲೆಕ್ಕ. ಐದನೇ ತರಗತಿವರೆಗಿನ ಶಾಲೆಯಲ್ಲಿ 120 ಮಕ್ಕಳಿದ್ದಾರೆ ಎಂದು ಇಟ್ಟುಕೊಳ್ಳಿ. ದಿನಕ್ಕೆ 12 ಕಿಲೋ ಅಕ್ಕಿ ಬೇಕು. ದಸರಾ ಆದ ಮೇಲೆ ಒಂಬತ್ತೂವರೆ ಕಿಲೋ ಅಕ್ಕಿಗೇ ಎಲ್ಲರ ಹೊಟ್ಟೆ ತುಂಬುತ್ತಿದೆ ಎಂದರೆ 25 ಮಕ್ಕಳು ಶಾಲೆಯಲ್ಲಿಲ್ಲ ಎಂದರ್ಥ. ಇದನ್ನು ತಿಳಿಯಲು ಸಮೀಕ್ಷೆ ಬೇಡ, ಆ್ಯಪ್ ಬೇಡ. ಅಡುಗೆ ಮಾಡುವ ಅವ್ವನನ್ನು ಕೇಳಿದರೆ ಸಾಕು.

ಬಿಸಿಯೂಟ ಶುರುವಾದದ್ದೇ ಮಕ್ಕಳು ಶಾಲೆಗೆ ಬರಲಿ ಎಂದು. 2002ರಲ್ಲಿ ಅಕ್ಷರ ದಾಸೋಹಕ್ಕೆ ಮೊದಲು ಆಯ್ದುಕೊಂಡ ಏಳು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗಲೂ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆ ಎಂದು ವಿಜಯಪುರವನ್ನು ಮೊದಲ ಪಟ್ಟಿಯಲ್ಲೇ ಸೇರಿಸಿದರು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು.

ಇಷ್ಟೆಲ್ಲ ಸಿಗುವುದು ಶಾಲೆಗೆ ಬಂದ ಮಗುವಿಗೆ. ಈ ಊಟ, ಹಾಲು, ಮೊಟ್ಟೆ ಯಾವ ಮಗುವಿಗೆ ಎಲ್ಲರಿಗಿಂತ ಹೆಚ್ಚು ಬೇಕೋ, ಆ ಮಗು ನವೆಂಬರ್‌ನಲ್ಲಿ ಯಾವುದೋ ಕಬ್ಬಿನ ಪಡದ ಬದುವಿನಲ್ಲಿ ಜೋಪಡಿ ಕಾಯುತ್ತಾ ಕುಳಿತಿರುತ್ತದೆ. ಯೋಜನೆಯ ಲೆಕ್ಕ ಕಾಗದದಲ್ಲಿ ಸರಿಯಿದ್ದರೂ ಅದರ ಉದ್ದೇಶ ಅರ್ಧ ಉಳಿದುಹೋಯಿತು.

ಪಾಲಕರನ್ನು ಬೈದರೆ ಪ್ರಯೋಜನವಿಲ್ಲ

"ಹಡದವರಿಗೆ ತಿಳಿಬೇಕಲ್ಲ?" ಎಂದು ಕಟ್ಟೆ ಮೇಲೆ ಕೂತು ಹೇಳುವುದು ಸುಲಭ. ಗುಳೆ ಹೋಗುವ ಮನೆಯ ಲೆಕ್ಕ ಬೇರೆಯೇ ಇದೆ. ಕಬ್ಬಿನ ಗ್ಯಾಂಗಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು ಕೊಯ್ತಾ. ಮುಕಾದಮನಿಂದ ಮುಂಗಡವನ್ನು ಮೊದಲೇ ತಂದಿರುತ್ತಾರೆ. ಅದು ಮದುವೆಗೋ, ಆಸ್ಪತ್ರೆಗೋ, ಬಾರದ ಮಳೆಗೆ ಬಿತ್ತಿದ ಬೀಜಕ್ಕೋ ಖರ್ಚಾಗಿಹೋಗಿರುತ್ತದೆ. ಹಂಗಾಮಿಗೆ ಹೋಗದೆ ಆ ಸಾಲ ತೀರುವುದಿಲ್ಲ. ಇಬ್ಬರೂ ಹೋಗಲೇಬೇಕು ಎಂದ ಮೇಲೆ ಮಗುವನ್ನು ಯಾರ ಕೈಯಲ್ಲಿ ಬಿಟ್ಟು ಹೋಗುವುದು? ವಯಸ್ಸಾದ ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಅಜ್ಜನಿಗೆ ಒಲೆ ಹಚ್ಚಲು ಬರುವುದಿಲ್ಲ. ಹೆಣ್ಣು ಮಗುವನ್ನು ಬಿಟ್ಟು ಹೋಗಲು ಇನ್ನೂ ಅಂಜಿಕೆ. ಹೀಗಾಗಿ ಕರೆದುಕೊಂಡೇ ಹೋಗುತ್ತಾರೆ.

ಆದ್ದರಿಂದ "ಮಕ್ಕಳನ್ನು ಕರೆದೊಯ್ಯಬೇಡಿ" ಎಂಬ ಉಪದೇಶದ ಬದಲು "ಮಗುವನ್ನು ಇಲ್ಲಿ ಬಿಟ್ಟು ಹೋಗಿ, ಹೀಗೆ ನೋಡಿಕೊಳ್ಳುತ್ತೇವೆ" ಎಂದು ಹೇಳುವಂತಾಗಬೇಕು. ಆ ಮಾತು ಹೇಳಬೇಕಾದದ್ದು ಊರು ಮತ್ತು ಸರ್ಕಾರ ಎರಡೂ.

ಕಾನೂನು ಏನು ಹೇಳುತ್ತದೆ

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿನ ಶಾಲೆ ಪಾಲಕರ ಇಷ್ಟಕ್ಕೆ ಬಿಟ್ಟದ್ದಲ್ಲ, ಅದು ಮಗುವಿನ ಹಕ್ಕು. ಗುಳೆ ಹೋಗುವ ಮನೆಗಳಿಗೆ ಬೇಕಾದ ನಾಲ್ಕು ಮಾತು ಅದರಲ್ಲಿವೆ. ನೆನಪಿಡಿ.

ಒಂದು, ತನ್ನ ವ್ಯಾಪ್ತಿಯಲ್ಲಿರುವ 14 ವರ್ಷದೊಳಗಿನ ಎಲ್ಲ ಮಕ್ಕಳ ದಾಖಲೆ ಇಡುವುದು, ವಲಸೆ ಬಂದ ಕುಟುಂಬದ ಮಕ್ಕಳಿಗೆ ಶಾಲೆಯಲ್ಲಿ ಪ್ರವೇಶ ಸಿಗುವಂತೆ ನೋಡುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. 9ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಕರ್ನಾಟಕಕ್ಕೂ ಇದೇ, ಮಹಾರಾಷ್ಟ್ರಕ್ಕೂ ಇದೇ.

ಎರಡು, ಮಗು ಬೇರೆ ಕಡೆ ಹೋಗುವಾಗ ಟಿ.ಸಿ. ಕೇಳಿದರೆ ಮುಖ್ಯ ಗುರುಗಳು ಕೂಡಲೇ ಕೊಡಬೇಕು. ಟಿ.ಸಿ. ತರಲು ತಡವಾಯಿತು ಎಂದು ಅಲ್ಲಿನ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ.

ಮೂರು, ವರ್ಷದ ನಡುವೆ ಬಂದರೂ ಪ್ರವೇಶ ನಿರಾಕರಿಸುವಂತಿಲ್ಲ. ಜನ್ಮ ದಾಖಲೆ ಇಲ್ಲ ಎಂಬ ಕಾರಣಕ್ಕೂ ನಿರಾಕರಿಸುವಂತಿಲ್ಲ.

ನಾಲ್ಕು, ಶಾಲೆಯಿಂದ ಹೊರಗುಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದಾಗ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವುದು ಆ ಮಗುವಿನ ಹಕ್ಕು.

ಶಾಲೆ ಬಿಟ್ಟ ಮಕ್ಕಳ ಬಗ್ಗೆ ಬಂದ ಪತ್ರಿಕಾ ವರದಿ ನೋಡಿ 2013ರಲ್ಲಿ ಕರ್ನಾಟಕ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದಾದ ಮೇಲೆ ರಾಜ್ಯದಲ್ಲಿ ಲೆಕ್ಕದ ರೀತಿಯೇ ಬದಲಾಯಿತು. ಮೊದಲು 60 ದಿನ ಬರದಿದ್ದರೆ ಶಾಲೆ ಬಿಟ್ಟ ಮಗು ಎನ್ನುತ್ತಿದ್ದರು. ಆಮೇಲೆ ಸತತ ಏಳು ದಿನ ಬರದಿದ್ದರೆ ಹುಡುಕಿಕೊಂಡು ಹೋಗಬೇಕು ಎಂದಾಯಿತು. ಒಂದು ವರದಿಗೆ ಇಷ್ಟು ಶಕ್ತಿ ಇತ್ತು. ಅದಕ್ಕೇ ಊರ ಶಾಲೆಯ ಹಾಜರಿಯೂ ಸುದ್ದಿಯಾಗಬೇಕು ಎನ್ನುತ್ತಿದ್ದೇವೆ.

ಹೆಸರು ಯಾಕೆ ಉಳಿಯುತ್ತದೆ

ಏಳು ದಿನದ ನಿಯಮವಿದ್ದರೂ ನಾಲ್ಕು ತಿಂಗಳು ಬರದ ಮಗುವಿನ ಹೆಸರು ಪುಸ್ತಕದಲ್ಲಿ ಹಾಗೇ ಇರುತ್ತದೆ. ಇದಕ್ಕೆ ಎರಡು ಕಾರಣ.

ಮೊದಲನೆಯದು ಒಳ್ಳೆಯ ಕಾರಣ. ಹೆಸರು ತೆಗೆದರೆ ಮಗು ಮರಳಿ ಬಂದಾಗ ತೊಂದರೆಯಾದೀತು ಎಂಬ ಕಾಳಜಿ. ಬಹಳ ಮಾಸ್ತರರು ಈ ಕಾಳಜಿಯಿಂದಲೇ ಹೆಸರು ಉಳಿಸುತ್ತಾರೆ. ಅವರಿಗೆ ಶರಣು.

ಎರಡನೆಯದು ಅಂಜಿಕೆ. ಶಾಲೆಗೆ ಎಷ್ಟು ಮಾಸ್ತರರು ಎಂಬುದು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ನಿಯಮವಿದೆ. ಸಂಖ್ಯೆ ಇಳಿದರೆ ಇರುವ ಮಾಸ್ತರರನ್ನೂ ಹೆಚ್ಚುವರಿ ಎಂದು ಬೇರೆ ಕಡೆ ಕಳಿಸುತ್ತಾರೆ. ಇನ್ನೊಂದು ಕಡೆ ಹಳದಿ ವ್ಯಾನು ಊರೊಳಗೇ ಬಂದು, ದುಡ್ಡು ಕಟ್ಟಬಲ್ಲವರ ಮಕ್ಕಳನ್ನು ಖಾಸಗಿ ಶಾಲೆಗೆ ಒಯ್ಯುತ್ತಿದೆ. ಸರ್ಕಾರಿ ಶಾಲೆಯಲ್ಲಿ ಉಳಿದವರಲ್ಲಿ ದೊಡ್ಡ ಪಾಲು ದುಡಿದು ತಿನ್ನುವವರ ಮಕ್ಕಳು. ಅವರೇ ಗುಳೆ ಹೋಗುವವರು. ಹೀಗಿರುವಾಗ "ನಮ್ಮಲ್ಲಿ ಇಷ್ಟು ಮಕ್ಕಳು ಬರುತ್ತಿಲ್ಲ" ಎಂದು ಯಾವ ಮುಖ್ಯ ಗುರುಗಳು ಧೈರ್ಯವಾಗಿ ಬರೆದಾರು?

ಇದನ್ನು ಸರಿಮಾಡಬೇಕಾದದ್ದು ಇಲಾಖೆ. ಖರೆ ಲೆಕ್ಕ ಕೊಟ್ಟ ಶಾಲೆಯಿಂದ ಮಾಸ್ತರರನ್ನು ಕಿತ್ತುಕೊಳ್ಳುವುದಿಲ್ಲ, ಬದಲಿಗೆ ಆ ಮಕ್ಕಳಿಗಾಗಿ ನೆರವು ಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಪುಸ್ತಕ ತುಂಬಿರುತ್ತದೆ, ಕೋಣೆ ಖಾಲಿ ಇರುತ್ತದೆ.

ದಸರೆಗೆ ಮುಂಚೆ ಆಗಬೇಕಾದ ಐದು ಕೆಲಸ

ಮೊದಲನೆಯದು, ಎಸ್‌ಡಿಎಂಸಿ ಸಭೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರಿಂದ ಇವೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದರಲ್ಲಿ ಗುಳೆ ಹೋಗುವ ಮನೆಯವರು ಎಷ್ಟು ಮಂದಿ ಇದ್ದಾರೆ ನೋಡಿ. ಇಲ್ಲದಿದ್ದರೆ ಸಭೆಗಾದರೂ ಅವರನ್ನು ಕರೆಯಿರಿ, ಅದೂ ಸೆಪ್ಟೆಂಬರ್‌ನಲ್ಲೇ, ಸಂಜೆ ಹೊತ್ತು, ದುಡಿದು ಬಂದ ಮೇಲೆ. ಯಾವ ಮನೆಯವರು ಹೋಗುತ್ತಾರೆ, ಎಲ್ಲಿಗೆ, ಎಂದು ಬರುತ್ತಾರೆ, ಮಗು ಯಾರ ಹತ್ತಿರ ಉಳಿಯಬಹುದು ಎಂದು ಒಂದು ಪಟ್ಟಿ ಮಾಡಿ.

ಎರಡನೆಯದು, ಉಳಿಯುವ ಮಕ್ಕಳಿಗೆ ವ್ಯವಸ್ಥೆ. ಪಾಲಕರು ಊರಲ್ಲಿಲ್ಲದ ತಿಂಗಳುಗಳಲ್ಲಿ ಮಕ್ಕಳನ್ನು ಇಟ್ಟುಕೊಂಡು ಓದಿಸಲು ಹಂಗಾಮಿನ ವಸತಿ ಕೇಂದ್ರ ತೆರೆಯಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಇಲ್ಲ. ಪಟ್ಟಿಯ ಜೊತೆ ಎಸ್‌ಡಿಎಂಸಿ ಠರಾವು ಮಾಡಿ ಬಿಇಒ ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ನವೆಂಬರ್‌ನಲ್ಲಿ ಕೊಟ್ಟರೆ ಮಂಜೂರಾಗುವಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ. ಐದನೇ ತರಗತಿ ದಾಟಿದ ಹೆಣ್ಣು ಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ, ಅಲ್ಲಿ ವಸತಿ ಊಟ ಎರಡೂ ಉಚಿತ. ಅಜ್ಜ ಅಜ್ಜಿಯ ಹತ್ತಿರ ಉಳಿಯುವ ಮಕ್ಕಳಿಗೆ ಮಧ್ಯಾಹ್ನದ ಊಟ ಶಾಲೆಯಲ್ಲಿ ಆಗುತ್ತದೆ. ರಾತ್ರಿಯ ಒಂದು ಊಟ ಮತ್ತು ಸಂಜೆ ಓದಲು ಒಂದು ದೀಪದ ಜಾಗ ಊರಿನಿಂದ ಆಗದ ಮಾತೇ? ಗುಡಿಯ ದಾಸೋಹ, ಮಠದ ಪ್ರಸಾದ, ಜಾತ್ರೆಯ ಅನ್ನಸಂತರ್ಪಣೆ ನಡೆಸುವ ಊರುಗಳು ನಮ್ಮವು.

ಮೂರನೆಯದು, ಹೋಗಲೇಬೇಕಾದ ಮಗುವಿನ ಕೈಗೆ ಕಾಗದ. ಟಿ.ಸಿ. ಅಥವಾ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಸ್ಯಾಟ್ಸ್ ನಂಬರು, ಮುಖ್ಯ ಗುರುಗಳ ಫೋನ್ ನಂಬರು. ಚೀಲದಲ್ಲಿ ಪಠ್ಯಪುಸ್ತಕ. ಝಳಕಿ ಇರುವುದು ಸೊಲ್ಲಾಪುರ ಹೆದ್ದಾರಿಯಲ್ಲಿ, ಗಡಿ ಬಹಳ ದೂರವಿಲ್ಲ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳಲ್ಲಿ ಅಲ್ಲಿನ ಜಿಲ್ಲಾ ಪರಿಷತ್ತೇ ನಡೆಸುವ ಕನ್ನಡ ಶಾಲೆಗಳಿವೆ. ಆ ಕಡೆ ಕೆಲಸಕ್ಕೆ ಹೋದವರು ಹತ್ತಿರದ ಕನ್ನಡ ಶಾಲೆ ಎಲ್ಲಿದೆ ಎಂದು ಕೇಳಬಹುದು. ಸಾಂಗ್ಲಿ, ಕೊಲ್ಹಾಪುರ, ಪುಣೆ ಕಡೆ ಹೋದವರಿಗೆ ಕನ್ನಡ ಶಾಲೆ ಸಿಗುವುದು ಕಷ್ಟ. ಆದರೆ ಮರಾಠಿ ಶಾಲೆಯಲ್ಲಿ ಕೂತರೂ ಮಗುವಿನ ಲೆಕ್ಕ, ಚಿತ್ರ, ಆಟ, ಊಟ ನಿಲ್ಲುವುದಿಲ್ಲ. ಮುಕಾದಮನಿಗೂ ಹೊರಡುವ ಮೊದಲೇ ಹೇಳಿ, ಜೋಪಡಿ ಹಾಕುವ ಜಾಗ ಶಾಲೆಗೆ ಹತ್ತಿರವಿರಲಿ.

ನಾಲ್ಕನೆಯದು, ಮರಳಿ ಬಂದ ಮಗುವಿಗೆ ಜಾಗ. ಒಂದರಿಂದ ಮೂರನೇ ತರಗತಿಯ ನಲಿ-ಕಲಿಯಲ್ಲಿ ಒಂದು ಒಳ್ಳೆಯ ಗುಣವಿದೆ. ಅಲ್ಲಿ ಪಾಠ ಏಣಿಯ ಮೆಟ್ಟಿಲಿನ ಹಾಗೆ. ಮಗು ಯಾವ ಮೆಟ್ಟಿಲಲ್ಲಿ ನಿಂತಿತ್ತೋ ಬಂದ ಮೇಲೆ ಅಲ್ಲಿಂದಲೇ ಮುಂದುವರಿಯಬಹುದು. ನಾಲ್ಕನೇ ತರಗತಿಯಿಂದ ಆ ಅನುಕೂಲವಿಲ್ಲ, ತರಗತಿ ಎಲ್ಲಿದೆಯೋ ಅಲ್ಲಿಗೇ ಓಡಿ ಸೇರಬೇಕು. ಶಾಲೆ ಶುರುವಾದಾಗ ಎಲ್ಲ ಮಕ್ಕಳಿಗೂ ಸೇತುಬಂಧ ನಡೆಸುತ್ತಾರಲ್ಲ, ಅಂಥದ್ದೇ ಇನ್ನೊಂದನ್ನು ಗುಳೆಯಿಂದ ಬಂದ ಮಕ್ಕಳಿಗೆ ಬಂದ ವಾರದಲ್ಲೇ ಶುರುಮಾಡಬೇಕು. ಬೇಸಿಗೆ ರಜೆಯಲ್ಲಿ ಊರಿನ ಪಿಯುಸಿ, ಡಿಗ್ರಿ ಓದಿದ ಹುಡುಗ ಹುಡುಗಿಯರು ಬೆಳಿಗ್ಗೆ ಎರಡು ತಾಸು ಕೂರಿಸಿಕೊಂಡರೂ ಬಹಳ ಆಗುತ್ತದೆ. "ಬಂದೇನು ಈಗ" ಎಂದು ನಗಬೇಡಿ. ಆ ಒಂದು ಮಾತಿಗೆ ನಾಚಿ ಮಕ್ಕಳು ಶಾಲೆ ಬಿಡುತ್ತವೆ.

ಐದನೆಯದು, ಗೇಟಿನ ಹತ್ತಿರ ಒಂದು ಬೋರ್ಡು. ದಾಖಲಾತಿ ಎಷ್ಟು, ಇವತ್ತಿನ ಹಾಜರಿ ಎಷ್ಟು ಎಂದು ಬರೆಯುವ ಬೋರ್ಡು ಬಹಳ ಶಾಲೆಗಳಲ್ಲಿ ಇದ್ದೇ ಇದೆ, ಆದರೆ ಮುಖ್ಯ ಗುರುಗಳ ಕೋಣೆಯಲ್ಲಿ. ಅದನ್ನು ಊರಿಗೆ ಕಾಣುವ ಹಾಗೆ ಹೊರಗೆ ಹಾಕಿ. ಹಾಲಿಗೆ ಹೋಗುವವರು, ನೀರಿಗೆ ಹೋಗುವವರು ಓದಲಿ. ಊರಿನ ಫೋನ್ ಗುಂಪಿನಲ್ಲೂ ವಾರಕ್ಕೊಮ್ಮೆ ಈ ಎರಡು ಸಂಖ್ಯೆ ಹಾಕಿ. ಸಂಖ್ಯೆ ಮಾತ್ರ, ಮಕ್ಕಳ ಹೆಸರು, ಫೋಟೊ ಬೇಡ. ಯಾರ ಮನೆಯ ಬಡತನವನ್ನೂ ಊರ ಮುಂದೆ ಹರಡುವ ಅಗತ್ಯವಿಲ್ಲ.

ಪಂಚಾಯಿತಿಗೆ ಒಂದು ಮಾತು

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಮಕ್ಕಳ ಹಕ್ಕುಗಳ ವಿಶೇಷ ಗ್ರಾಮಸಭೆ ನಡೆಯುತ್ತದೆ. ಮಕ್ಕಳು ಎದ್ದು ನಿಂತು ಶೌಚಾಲಯ ಬೇಕು, ಆಟದ ಮೈದಾನ ಬೇಕು ಎಂದು ಕೇಳುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಅದು ಸಾಮಾನ್ಯವಾಗಿ ನಡೆಯುವುದು ನವೆಂಬರ್ 14ರ ಮಕ್ಕಳ ದಿನಾಚರಣೆಯಿಂದ ಮುಂದೆ. ಅಷ್ಟರಲ್ಲಿ ಯಾವ ಮಗು ಎದ್ದು ನಿಂತು ತನ್ನ ಕಷ್ಟ ಹೇಳಬೇಕಿತ್ತೋ ಆ ಮಗು ಊರಲ್ಲಿ ಇರುವುದಿಲ್ಲ. ಸಭೆಯಲ್ಲಿ ಕೂತ ಮಕ್ಕಳಿಗೆ ಕೇಳಲು ಬೆಂಚು ಇದೆ, ಬೋರ್ಡು ಇದೆ. ಸಭೆಗೆ ಬರದ ಮಗುವಿನ ಪರವಾಗಿ ಯಾರೂ ಕೇಳುವುದಿಲ್ಲ. ಆದೇಶದ ದಿನಾಂಕ ಏನೇ ಇರಲಿ, ಗುಳೆ ಹೋಗುವ ಊರುಗಳ ಪಂಚಾಯಿತಿಗಳು ಸೆಪ್ಟೆಂಬರ್‌ನಲ್ಲೇ ಇನ್ನೊಂದು ಸಭೆ ಮಾಡಲು ಯಾರ ಅಡ್ಡಿಯೂ ಇಲ್ಲ.

"ಇದೆಲ್ಲ ಮಾಡಿದರೆ ಗುಳೆ ನಿಲ್ಲುತ್ತದೆಯೇ?" ಎಂದು ನೀವು ಕೇಳಬಹುದು. ಇಲ್ಲ, ನಿಲ್ಲುವುದಿಲ್ಲ. ಗುಳೆ ನಿಲ್ಲಲು ಹೊಲಕ್ಕೆ ನೀರು ಬೇಕು, ಊರಲ್ಲಿ ಕೆಲಸ ಬೇಕು, ಕೆಲಸಕ್ಕೆ ತಕ್ಕ ಪಗಾರ ಬೇಕು. ಅದಕ್ಕಾಗಿ ಹೋರಾಡಲು ಇನ್ನೂ ಬಹಳ ವರ್ಷ ಬೇಕು. ಆದರೆ ಈಗ ಎರಡನೇ ತರಗತಿಯಲ್ಲಿರುವ ಮಗು ಅಷ್ಟು ವರ್ಷ ಎರಡನೇ ತರಗತಿಯಲ್ಲೇ ಕಾಯುತ್ತಾ ಕೂರುವುದಿಲ್ಲ. ಅದರ ಬಾಲ್ಯ ಈ ಹಂಗಾಮಿನಲ್ಲೇ ಹೋಗುತ್ತದೆ. ದೊಡ್ಡವರು ಗುಳೆ ಹೋದರೂ ಮಗುವಿನ ಪಾಠ ನಿಲ್ಲದಂತೆ ಮಾಡುವುದು ನಮ್ಮ ಕೈಯಲ್ಲಿದೆ.

ಓದುವ ನೀವು ಪಾಲಕರಾಗಿರಬಹುದು, ಎಸ್‌ಡಿಎಂಸಿ ಸದಸ್ಯರಾಗಿರಬಹುದು, ಮಾಸ್ತರರಾಗಿರಬಹುದು, ಅದೇ ಶಾಲೆಯಲ್ಲಿ ಓದಿ ಈಗ ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿರಬಹುದು. ದಸರಾ ರಜೆ ಬಿಡುವ ವಾರ ನಿಮ್ಮ ಊರ ಶಾಲೆಗೆ ಒಂದು ಸಲ ಹೋಗಿ, ಆಗದಿದ್ದರೆ ಫೋನ್ ಮಾಡಿ. ಮೂರು ಪ್ರಶ್ನೆ ಕೇಳಿ: ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿವೆ? ಇವತ್ತು ಎಷ್ಟು ಅಕ್ಕಿ ಅಳೆದಿರಿ? ರಜೆ ಮುಗಿದ ಮೇಲೆ ಎಷ್ಟು ಮಕ್ಕಳು ಬರುವುದಿಲ್ಲ, ಅವರಿಗಾಗಿ ಏನು ಮಾಡಿದ್ದೀರಿ? ಜಗಳಕ್ಕೆ ಹೋದವರ ಹಾಗೆ ಕೇಳಬೇಡಿ. ಮೂರನೇ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಅಲ್ಲೇ ಕೂತು ಮೊದಲ ಪಟ್ಟಿ ಬರೆಯಲು ಕೈಜೋಡಿಸಿ.